ತೋಳಿನಿಂದ ತೋಳಿಗೆ: ದಾಕು ನಮ್ಮ ದೇಶಕ್ಕೆ ಬಂದ ಬಗೆ



ಅರುವತ್ತು ಎಪ್ಪತ್ತು ವರ್ಷಗಳನ್ನು ದಾಟಿದ ಹಿರಿಯರ ತೋಳನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಅಲ್ಲಿ ಎರಡೋ ನಾಲ್ಕೋ ದುಂಡನೆಯ ಕಲೆಗಳು ಕಾಣುವುದುಂಟು. ಚರ್ಮವು ಒಳಕ್ಕೆ ತುಸು ಕುಸಿದು, ಅಂಚಿನಲ್ಲಿ ನೆರಿಗೆ ಹಿಡಿದು, ಹಳೆಯ ಕಾಸನ್ನು ಒತ್ತಿ ತೆಗೆದಂತಿರುತ್ತದೆ. ನಮ್ಮ ಕಡೆಯಲ್ಲಿ ಇದನ್ನು ದಾಕಿನ ಗುರುತು ಎಂದೂ ಮೈಲಿ ಹಾಕಿದ ಗುರುತು ಎಂದೂ ಕರೆಯುತ್ತಿದ್ದರು. ಉತ್ತರದ ಜಿಲ್ಲೆಗಳಲ್ಲಿ ದೇವಿ ಹಾಕಿದ ಗುರುತು ಎನ್ನುತ್ತಿದ್ದರು. ತರಗತಿಯಲ್ಲಿ ಒಮ್ಮೆ ನಾನು ಈ ಮಾತನ್ನೆತ್ತಿದಾಗ ವಿದ್ಯಾರ್ಥಿಯೊಬ್ಬನು, ತನ್ನ ಅಜ್ಜಿಯ ತೋಳಿನಲ್ಲಿರುವುದನ್ನು ಇಷ್ಟು ದಿನವೂ ಹಚ್ಚೆಯೆಂದೇ ಎಣಿಸಿದ್ದೆನೆಂದು ಹೇಳಿದನು. ಮೊದಲು ನಗು ಬಂದಿತು. ಆಮೇಲೆ ಆಲೋಚಿಸಿದರೆ, ನನ್ನ ತೋಳಿನಲ್ಲಿಯೂ ಆ ಗುರುತಿಲ್ಲ. ನಾನು ಹುಟ್ಟುವ ವೇಳೆಗೆ ಅದರ ಅಗತ್ಯವೇ ತೀರಿಹೋಗಿತ್ತು.

ಈ ಕಲೆಯ ಚರಿತ್ರೆಯನ್ನು ಸಾಮಾನ್ಯವಾಗಿ ಒಬ್ಬ ಮಹಾಪುರುಷನ ಕಥೆಯನ್ನಾಗಿ ಹೇಳುವುದು ವಾಡಿಕೆ. ಆ ಮಹಾಪುರುಷನಿಗೆ ಸಲ್ಲತಕ್ಕ ಗೌರವವನ್ನು ನಾನೂ ಸಲ್ಲಿಸುತ್ತೇನೆ. ಆದರೆ ಔಷಧದ ಒಂದು ಹನಿ ತಾನಾಗಿ ನಡೆದು ಇಂಗ್ಲೆಂಡಿನಿಂದ ಮೈಸೂರಿಗೆ ಬರಲಾರದು. ಬಹುಕಾಲ ಅದನ್ನು ಶೀಶೆಯಲ್ಲಿ ಕೆಡದಂತೆ ಇಡುವ ಉಪಾಯವೂ ತಿಳಿದಿರಲಿಲ್ಲ. ಅದು ಬದುಕಿದ್ದುದು ಮನುಷ್ಯರ ತೋಳಿನಲ್ಲಿ. ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ಸಾಗದಿದ್ದರೆ ಅದು ಅಲ್ಲಿಗೇ ಮುಗಿಯಿತು. ಹೀಗೆ ತೋಳು ನೀಡಿದವರ, ನೀಡಲು ಹಿಂದೆಗೆದವರ, ಅವರನ್ನು ಒಪ್ಪಿಸಿದವರ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಸಿಡುಬು ಎಂತಹ ರೋಗವೆಂಬುದನ್ನು ಇಂದಿನವರಿಗೆ ತಿಳಿಸಿ ಹೇಳಬೇಕಾದ ಸ್ಥಿತಿ ಬಂದಿರುವುದೇ ಒಂದು ಭಾಗ್ಯ. ತಗುಲಿದ ನೂರು ಮಂದಿಯಲ್ಲಿ ಹೆಚ್ಚುಕಡಮೆ ಮೂವತ್ತು ಮಂದಿ ಸಾಯುತ್ತಿದ್ದರು. ಉಳಿದವರಲ್ಲಿ ಅನೇಕರ ಮುಖ ಕುಳಿಬೀಳುತ್ತಿತ್ತು; ಕೆಲವರ ಕಣ್ಣು ಹೋಗುತ್ತಿತ್ತು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಈ ರೋಗಕ್ಕೆ ಮೂವತ್ತು ಕೋಟಿ ಜನ ಬಲಿಯಾದರೆಂದು ಅಂದಾಜು ಕಟ್ಟಿದ್ದಾರೆ. ನಮ್ಮವರು ಇದನ್ನು ರೋಗವೆನ್ನಲು ಅಂಜಿ 'ಅಮ್ಮ' ಎಂದರು. ಮನೆಗೆ ಅಮ್ಮ ಬಂದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಹಾಕಕೂಡದು, ಹೊರಗಿನವರು ಒಳಗೆ ಬರಕೂಡದು. ಈ ಆಚಾರಗಳನ್ನು ಹಾಸ್ಯಮಾಡುವವರುಂಟು. ಹೊರಗಿನವರನ್ನು ದೂರವಿಟ್ಟ ಕಟ್ಟಳೆಯೊಂದರಿಂದಲೇ ಎಷ್ಟು ನೆರೆಮನೆಯ ಮಕ್ಕಳು ಉಳಿದಿದ್ದಾರು ಎಂದು ಅವರು ಎಣಿಸಿ ನೋಡಲಿ.

ಒಮ್ಮೆ ಸಿಡುಬೆದ್ದು ಬದುಕಿದವನಿಗೆ ಅದು ಮತ್ತೆ ತಗುಲುವುದಿಲ್ಲವೆಂಬ ಸಂಗತಿ ಎಲ್ಲ ದೇಶಗಳಲ್ಲಿಯೂ ಹಿಂದಿನಿಂದಲೇ ತಿಳಿದಿತ್ತು. ಶರೀರವು ಶತ್ರುವನ್ನು ಒಮ್ಮೆ ಕಂಡರೆ ಅದರ ಚಹರೆಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಬಾಗಿಲಲ್ಲಿಯೇ ತಡೆಯುತ್ತದೆ. ದಾಕಿನ ತತ್ವವೆಲ್ಲ ಇಷ್ಟೇ: ಕೊಲ್ಲುವ ಶಕ್ತಿಯಿಲ್ಲದ ಶತ್ರುವನ್ನು, ಅಥವಾ ಅವನ ವೇಷವನ್ನು ಮಾತ್ರ, ಮುಂಚಿತವಾಗಿ ಶರೀರಕ್ಕೆ ಪರಿಚಯಮಾಡಿಸುವುದು. ಈ ತರ್ಕವನ್ನನುಸರಿಸಿಯೇ ಬಂಗಾಳದಲ್ಲಿ ಟೀಕಾದಾರರೆಂಬವರು ವರ್ಷವರ್ಷವೂ ಊರೂರಿಗೆ ಬಂದು, ಹಿಂದಿನ ವರ್ಷದ ಸಿಡುಬಿನ ಕೀವನ್ನು ಹತ್ತಿಯಲ್ಲಿ ಕಾಪಾಡಿಕೊಂಡು, ಮಕ್ಕಳ ತೋಳಿನಲ್ಲಿ ಸಣ್ಣ ಗಾಯಮಾಡಿ ಸೇರಿಸುತ್ತಿದ್ದರು. ಹಾಲ್ವೆಲ್ ಎಂಬ ಇಂಗ್ಲಿಷ್ ವೈದ್ಯನು ಈ ಪದ್ಧತಿಯನ್ನು ಕಂಡು 1767ರಲ್ಲಿ ಲಂಡನ್ನಿನ ವೈದ್ಯರಿಗಾಗಿ ಪುಸ್ತಕವನ್ನೇ ಬರೆದನು. ಚೀನದಲ್ಲಿ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿನೊಳಕ್ಕೆ ಊದುತ್ತಿದ್ದರು. ತುರ್ಕಿಯ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ರಾಯಭಾರಿಯ ಹೆಂಡತಿಯಾಗಿದ್ದ ಲೇಡಿ ಮೇರಿ ಮಾಂಟೆಗು ಎಂಬಾಕೆ ಅಲ್ಲಿ ತನ್ನ ಮಗನಿಗೂ, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಹೀಗೆ ಮಾಡಿಸಿದಳು. ಆದರೆ ಇದು ನಿಜವಾದ ಸಿಡುಬಿನ ಕೀವು. ಹಾಕಿಸಿಕೊಂಡ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು; ಉಳಿದವರೂ ಗುಣವಾಗುವವರೆಗೆ ಸುತ್ತಲಿನವರಿಗೆ ರೋಗವನ್ನು ಹಂಚಬಲ್ಲವರಾಗಿದ್ದರು. ಒಂದು ಮನೆಯ ರಕ್ಷಣೆಯು ಪಕ್ಕದ ಮನೆಯ ಮರಣವಾಗಬಹುದಾಗಿತ್ತು.

ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನ ವೈದ್ಯ ಎಡ್ವರ್ಡ್ ಜೆನ್ನರನು 1796ನೆಯ ಇಸವಿ ಮೇ 14ರಂದು ಮಾಡಿದ ಕೆಲಸ ಸರ್ವವಿದಿತವಾದುದು. ಹಾಲುಕರೆಯುವ ಸಾರಾ ನೆಲ್ಮ್ಸ್ ಎಂಬಾಕೆಯ ಕೈಗೆ ಹಸುವಿನ ಕೆಚ್ಚಲಿನಿಂದ ಅಂಟಿದ್ದ ಗೋಸಿಡುಬಿನ ಗುಳ್ಳೆಯ ರಸವನ್ನು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಸೇರಿಸಿದನು. ಜುಲೈ ತಿಂಗಳಲ್ಲಿ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಹಾಕಿದರೂ ರೋಗ ಕಾಣಿಸಲಿಲ್ಲ. ಇಂದು ಯಾವ ವೈದ್ಯನಾದರೂ ಇಂತಹ ಪರೀಕ್ಷೆ ಮಾಡಿದರೆ ಸೆರೆಮನೆಗೆ ಹೋಗಬೇಕಾದೀತು. ಅದು ಬೇರೆ ವಿಷಯ. 1774ರಲ್ಲಿಯೇ ಬೆಂಜಮಿನ್ ಜೆಸ್ಟಿ ಎಂಬ ರೈತನು ತನ್ನ ಹೆಂಡತಿ ಮಕ್ಕಳಿಗೆ ಇದನ್ನೇ ಮಾಡಿದ್ದನು. ಆದರೆ ಅವನು ಬರೆದಿಡಲಿಲ್ಲ. ಜೆನ್ನರನು 1798ರಲ್ಲಿ ಪುಸ್ತಕವನ್ನು ಪ್ರಕಟಿಸಿ ಲೋಕಕ್ಕೆ ಸಾರಿದನು. ಹಸುವಿಗೆ ಲ್ಯಾಟಿನ್ ಭಾಷೆಯಲ್ಲಿ 'ವಾಕ್ಕ' ಎಂದು ಹೆಸರು. ಅದರಿಂದಲೇ 'ವ್ಯಾಕ್ಸೀನ್' ಎಂಬ ಶಬ್ದ ಹುಟ್ಟಿತು. ನಾವು ಇಂದು ಹೇಳುವ 'ಲಸಿಕೆ'ಯು ಆಯುರ್ವೇದದಲ್ಲಿ ಶರೀರದೊಳಗಿನ ತಿಳಿನೀರಿನಂತಹ ರಸಕ್ಕೆ ಇರುವ ಹಳೆಯ ಹೆಸರು. ಯೂರೋಪಿನ ಮಾತು ಹಸುವನ್ನು ನೆನೆಯುತ್ತದೆ. ನಮ್ಮ ಮಾತು ತೋಳಿನ ಗುಳ್ಳೆಯಲ್ಲಿ ತುಂಬಿದ ರಸವನ್ನು ನೆನೆಯುತ್ತದೆ.

ಈ ರಸದ ಸ್ವಭಾವವೇ ತೊಡಕಿನದು. ದಾಕು ಹಾಕಿದ ಸುಮಾರು ಎಂಟನೆಯ ದಿನ ಗುಳ್ಳೆ ಮುತ್ತಿನಂತೆ ತುಂಬಿಕೊಳ್ಳುತ್ತದೆ. ಅದನ್ನು ಚುಚ್ಚಿ ಬಂದ ತಿಳಿರಸವನ್ನು ಆಗಿಂದಾಗಲೇ ಇನ್ನೊಬ್ಬರ ತೋಳಿಗೆ ಹಾಕಬೇಕು. ದಾರದಲ್ಲಿ ನೆನಸಿ ಒಣಗಿಸಿಯೋ ಗಾಜಿನ ತುಂಡುಗಳ ನಡುವೆ ಅಂಟಿಸಿಯೋ ಕಳುಹಿಸಿದರೆ ತಂಪುದೇಶಗಳಲ್ಲಿ ಕೆಲವು ದಿನ ಉಳಿಯುತ್ತಿತ್ತು. ಉಷ್ಣದೇಶಗಳ ಕಡಲಯಾನದಲ್ಲಿ ಸತ್ತುಹೋಗುತ್ತಿತ್ತು. ಸ್ಪೇನಿನ ಅರಸನು 1803ರ ನವೆಂಬರಿನಲ್ಲಿ ಡಾಕ್ಟರ್ ಬಾಲ್ಮಿಸ್ ಎಂಬವನ ಮುಖಂಡತ್ವದಲ್ಲಿ ಅಮೆರಿಕಕ್ಕೆ ಹಡಗನ್ನು ಕಳುಹಿಸಿದಾಗ ಅದರಲ್ಲಿ 22 ಮಂದಿ ಅನಾಥ ಬಾಲಕರನ್ನು ಹತ್ತಿಸಿದ್ದರು. ಸರದಿಯಂತೆ ಇಬ್ಬಿಬ್ಬರಿಗೆ ದಾಕು ಹಾಕಿ, ಅವರ ಗುಳ್ಳೆ ತುಂಬಿದಾಗ ಮುಂದಿನ ಇಬ್ಬರಿಗೆ ಹಾಕಿ, ಹೀಗೆ ಮಹಾಸಾಗರವನ್ನು ದಾಟಿಸಿದರು. ಔಷಧದ ಪೆಟ್ಟಿಗೆಯೆಂದರೆ ಆ ಹುಡುಗರೇ. ಚರಿತ್ರೆಯ ಗ್ರಂಥಗಳಲ್ಲಿ ಆ ವೈದ್ಯನ ಹೆಸರು ಮೊದಲು ಬರುತ್ತದೆ. ಹುಡುಗರನ್ನು ಒಟ್ಟಿಗೆ ಎಣಿಸಿ ಬಿಟ್ಟುಬಿಡುತ್ತಾರೆ.

ನಮ್ಮ ದೇಶಕ್ಕೆ ಅದು ಬಂದ ದಾರಿ ಬೇರೆ. ವಿಯೆನ್ನಾ ನಗರದಲ್ಲಿದ್ದ ಡಿ ಕಾರೊ ಎಂಬ ವೈದ್ಯನು ಇಟಲಿಯ ಲೊಂಬಾರ್ಡಿ ಸೀಮೆಯ ಹಸುಗಳ ಮೂಲದ ರಸವನ್ನು ಪೂರ್ವದೇಶಗಳ ಕಡೆಗೆ ಕಳುಹಿಸಿದನು. ಅದು ಬಾಗ್ದಾದನ್ನು ಸೇರಿ, ಅಲ್ಲಿಂದ ತೋಳಿನ ಮೇಲೆ ಬಸ್ರಾಕ್ಕೆ ಬಂದು, ಬಸ್ರಾದಿಂದ ಹಡಗನ್ನೇರಿ ಬೊಂಬಾಯಿಗೆ ತಲಪಿತು. 1802ನೆಯ ಇಸವಿ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಅದು ಹತ್ತಿಕೊಂಡಿತು. ಭಾರತದಲ್ಲಿ ದಾಕು ಸಫಲವಾದುದು ಇದೇ ಮೊದಲು. ಮುಂದಿನ ವಾರ ಆ ಒಂದು ತೋಳಿನಿಂದ ಐದು ಮಕ್ಕಳಿಗೆ ಹಾಕಿದರು. ಅಲ್ಲಿಂದ ಪುಣೆ, ಸೂರತ್ತು, ಹೈದರಾಬಾದು, ಮದರಾಸು, ಸಿಂಹಳಗಳಿಗೆ ಹೋಯಿತು. ಆ ಮಗು ಬಹಳ ಶಾಂತಸ್ವಭಾವದ್ದೆಂದು ವೈದ್ಯರು ಬರೆದಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚಿನ ವಿಷಯ ನಮಗೆ ಬಹಳ ದೊರೆತಿಲ್ಲ.

ಇನ್ನು ಮೈಸೂರಿಗೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದು, ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ ಪಟ್ಟವಾಗಿ, ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸುತ್ತಿದ್ದ ಕಾಲವದು. ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರನು ಸುಮಾರು 1805ರಲ್ಲಿ ಮೂವರು ರಾಜಸ್ತ್ರೀಯರನ್ನು ಚಿತ್ರಿಸಿದ್ದಾನೆ. ಮೈತುಂಬ ಆಭರಣಗಳು, ಉತ್ತಮವಾದ ಸೀರೆಗಳು. ಬಹುಕಾಲ ಇದನ್ನು ಯಾರೋ ನರ್ತಕಿಯರ ಚಿತ್ರವೆಂದು ತಿಳಿದಿದ್ದರು. ನೈಜೆಲ್ ಛಾನ್ಸೆಲರ್ ಎಂಬ ಇತಿಹಾಸಕಾರರು ಇದನ್ನು ಬೇರೆ ಕಣ್ಣಿನಿಂದ ನೋಡಿದರು. ಬಲಭಾಗದಲ್ಲಿರುವಾಕೆ ಸೆರಗನ್ನು ಸರಿಸಿಕೊಂಡು ಎಡತೋಳನ್ನು ಕಾಣುವಂತೆ ಮಾಡಿ ಒಂದು ಸ್ಥಳವನ್ನು ತೋರಿಸುತ್ತಿದ್ದಾರೆ. ಈಕೆ ಮುಮ್ಮಡಿಯವರ ಕಿರಿಯ ರಾಣಿ ದೇವಜಮ್ಮಣ್ಣಿಯವರು, ತೋರಿಸುತ್ತಿರುವುದು ದಾಕಿನ ಸ್ಥಳ ಎಂಬುದು ಅವರ ಅಭಿಪ್ರಾಯ. ಎಡಭಾಗದಲ್ಲಿರುವ ಹಿರಿಯ ರಾಣಿಯವರ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದೆ. ಅದು ಸಿಡುಬಿನ ಪುಡಿಯನ್ನು ಮೂಗಿಗೆ ಏರಿಸುವ ಹಳೆಯ ಪದ್ಧತಿಯ ಗುರುತಂತೆ. ನಡುವೆ ನಿಂತಿರುವವರು ಅಜ್ಜಿಯವರಾದ ಲಕ್ಷ್ಮಮ್ಮಣ್ಣಿಯವರು. ಈ ಊಹೆಯನ್ನು ಎಲ್ಲರೂ ಒಪ್ಪಿದ್ದಾರೆಂದು ನಾನು ಹೇಳಲಾರೆ. ಚಿತ್ರದಲ್ಲಿ ಹೆಸರು ಬರೆದಿಲ್ಲ. ಆದರೆ ರಾಣಿಯವರು ದಾಕು ಹಾಕಿಸಿಕೊಂಡುದರಿಂದ ಜನರು ಮುಂದೆ ಬಂದರೆಂಬ ಅರ್ಥದ ಉಲ್ಲೇಖವು 1806ರ ಜುಲೈ ತಿಂಗಳ ಆಸ್ಥಾನದ ದಾಖಲೆಯಲ್ಲಿರುವುದನ್ನು ಅವರು ತೋರಿಸಿದ್ದಾರೆ. ಅಷ್ಟಂತೂ ಗಟ್ಟಿ. ಅಂತಃಪುರದ ರಾಣಿಯೊಬ್ಬರು ಪರಪುರುಷನಾದ ಚಿತ್ರಕಾರನ ಮುಂದೆ ಕುಳಿತು ತೋಳನ್ನು ತೋರಿಸಿದರೆಂದರೆ ಅದನ್ನು ಸುಮ್ಮನೆ ಅಲಂಕಾರವೆಂದು ತಿಳಿಯಲು ನನಗೂ ಮನಸ್ಸೊಪ್ಪುವುದಿಲ್ಲ.

ಅರಮನೆಯ ಹೊರಗೆ, ಧೂಳಿನಲ್ಲಿ ನಡೆದು ಈ ಕೆಲಸ ಮಾಡಿದವರೂ ಉಂಟು. ಅಬ್ಬೆ ದ್ಯುಬೊವಾ ಎಂಬ ಫ್ರೆಂಚ್ ಪಾದ್ರಿಯ ಹೆಸರನ್ನು ಹಿಂದೂಗಳ ಆಚಾರವ್ಯವಹಾರಗಳ ಮೇಲಿನ ಅವರ ಗ್ರಂಥದಿಂದ ಅನೇಕರು ಬಲ್ಲರು. ಆ ಗ್ರಂಥದಲ್ಲಿ ನಮ್ಮವರ ವಿಷಯವಾಗಿ ಬರೆದಿರುವ ಎಷ್ಟೋ ಮಾತುಗಳನ್ನು ಒಪ್ಪುವುದು ಕಷ್ಟ. ಆದರೂ ಅವರು ಮೈಸೂರು ಸೀಮೆಯಲ್ಲಿ ಈ ದೇಶದ ಉಡುಪನ್ನು ಧರಿಸಿ, ರುಮಾಲು ಸುತ್ತಿ, ಜನರ ನಡುವೆಯೇ ವರ್ಷಗಟ್ಟಲೆ ಇದ್ದವರು. 'ದೊಡ್ಡಸ್ವಾಮಿಯವರು' ಎಂದು ಜನ ಕರೆಯುತ್ತಿದ್ದರು. 1803-04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ಈ ಸೀಮೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ದಾಕು ಹಾಕಲಾಯಿತೆಂದು ಲೆಕ್ಕವಿದೆ. ಆನಾ ಎಂಬ ಮಗುವಿನ ತೋಳಿನಲ್ಲಿ ಗುಳ್ಳೆಯೆದ್ದು ಎರಡು ವರ್ಷವೂ ತುಂಬಿರಲಿಲ್ಲವೆಂಬುದನ್ನು ನೆನೆದರೆ ಈ ಸಂಖ್ಯೆಯ ಮಹತ್ವ ತಿಳಿಯುತ್ತದೆ. ಪ್ರತಿ ಎಂಟು ದಿನಕ್ಕೊಮ್ಮೆ ಹೊಸ ಮಕ್ಕಳು ಬೇಕು. ಅವರ ತಾಯಿತಂದೆಗಳು ಒಪ್ಪಬೇಕು. ಒಂದು ವಾರ ತಪ್ಪಿದರೆ ಸರಪಣಿ ಕಡಿದುಹೋಗುತ್ತದೆ.

ಒಪ್ಪದವರು ಬಹಳ ಮಂದಿ ಇದ್ದರು. ಅವರೆಲ್ಲರನ್ನೂ ಮೂಢರೆಂದು ತಳ್ಳಿಹಾಕಿದ ಇಂಗ್ಲಿಷ್ ವರದಿಗಳಿಗೆ ಕೊರತೆಯಿಲ್ಲ; ಅವನ್ನು ಓದಿ ಹಾಗೆಯೇ ಬರೆದ ನಮ್ಮವರಿಗೂ ಕೊರತೆಯಿಲ್ಲ. ಆದರೆ ತಾಯಿಯ ಕಡೆಯಿಂದ ನೋಡಿ. ಎಂಟು ದಿನದ ಹಿಂದೆ ಗಾಯಮಾಡಿದವನು ಮತ್ತೆ ಬಂದು, ಇನ್ನೂ ಉರಿಯುತ್ತಿರುವ ಗುಳ್ಳೆಯನ್ನು ಚುಚ್ಚಿ, ಮಗುವಿನ ಮೈಯಿಂದ ರಸವನ್ನು ತೆಗೆಯುತ್ತೇನೆನ್ನುತ್ತಾನೆ. ಅದು ಯಾವ ಮನೆಗೆ ಹೋಗುವುದೋ ತಿಳಿಯದು. ತನ್ನ ಮಗುವಿಗೆ ಹಾಕಿದ್ದು ಯಾರ ಮೈಯದೋ, ಯಾವ ಜಾತಿಯದೋ ಅದೂ ತಿಳಿಯದು. ಜಾತಿಯ ಅಂಜಿಕೆಯನ್ನು ನಾವು ಇಂದು ಒಪ್ಪಬೇಕಾಗಿಲ್ಲ. ರೋಗದ ಅಂಜಿಕೆಯಾದರೋ ನಿಜವಾಗಿತ್ತು. ತೋಳಿನಿಂದ ತೋಳಿಗೆ ರಸದೊಡನೆ ಉಪದಂಶದಂತಹ ಕೆಟ್ಟ ರೋಗಗಳೂ ಒಮ್ಮೊಮ್ಮೆ ಸಾಗಿಬಿಡುತ್ತಿದ್ದುದನ್ನು ಯೂರೋಪಿನ ವೈದ್ಯರೇ ಮುಂದೆ ಒಪ್ಪಿಕೊಳ್ಳಬೇಕಾಯಿತು. ಅಲ್ಲದೆ, ತಲೆಮಾರುಗಳಿಂದ ಬಂದ ಟೀಕಾದಾರನು ದೇವಿಗೆ ಪೂಜೆ ಸಲ್ಲಿಸಿ ಪಥ್ಯ ಹೇಳಿ ತನ್ನ ಕೆಲಸ ಮಾಡುತ್ತಿದ್ದನು. ಹೊಸ ದಾಕಿನವನಿಗೆ ಪೂಜೆಯೂ ಇಲ್ಲ, ಪರಿಚಯವೂ ಇಲ್ಲ.

ಜನರನ್ನು ಒಪ್ಪಿಸಲು ಹೂಡಿದ ಒಂದು ಉಪಾಯವು ಇತಿಹಾಸದ ವಿದ್ಯಾರ್ಥಿಗಳಿಗೆ ಎಚ್ಚರಿಕೆಯಾಗಬೇಕಾದುದು. ಹಸುವಿನ ಕೆಚ್ಚಲಿನ ಗುಳ್ಳೆಯ ರಸವನ್ನು ತೋಳಿಗೆ ಹಾಕುವ ಕ್ರಮವನ್ನು ಧನ್ವಂತರಿಯೇ ಹೇಳಿದ್ದಾನೆಂದು, ಶಾಕ್ತೇಯ ಗ್ರಂಥವೆಂಬುದರ ಹೆಸರು ಹೇಳಿ, 1819ರಲ್ಲಿ ಮದರಾಸಿನ ವೃತ್ತಪತ್ರಿಕೆಯೊಂದರಲ್ಲಿ ಒಂದು ಪತ್ರ ಅಚ್ಚಾಯಿತು. ಹಸುವಿನಿಂದ ಬಂದುದು, ಋಷಿಗಳು ಹೇಳಿದುದು ಎಂದರೆ ಹಿಂದೂಗಳು ಮರುಮಾತಾಡರೆಂಬುದು ಲೆಕ್ಕಾಚಾರ. ಚರಕ ಸುಶ್ರುತಾದಿ ಪ್ರಾಚೀನ ಸಂಹಿತೆಗಳಲ್ಲಿ ಅಂತಹ ಮಾತಿಲ್ಲ. ಅದು ಆ ಕಾಲದಲ್ಲಿಯೇ ಹೆಣೆದ ರಚನೆಯೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಇದರಿಂದ ಎಷ್ಟು ಮಂದಿ ದಾಕು ಹಾಕಿಸಿಕೊಂಡರೋ ಕಾಣೆ. ಆದರೆ ನಮ್ಮ ಪೂರ್ವಿಕರಿಗೆ ಗೋದಾಕು ತಿಳಿದಿತ್ತೆಂದು ಅಭಿಮಾನದಿಂದ ಭಾಷಣಮಾಡುವವರು ಅಂದಿನಿಂದಲೂ ಇದ್ದಾರೆ. ಒಳ್ಳೆಯ ಕೆಲಸಕ್ಕಾಗಿ ಹೇಳಿದ ಸುಳ್ಳು ಕೆಲಸ ಮುಗಿದ ಮೇಲೂ ಸಾಯುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುಗಳ ಮೈಮೇಲೆ ದಾಕಿನ ರಸವನ್ನು ಬೆಳೆಸುವ ಕ್ರಮ ಬಳಕೆಗೆ ಬಂದಿತು. ಇನ್ನು ಮಕ್ಕಳ ತೋಳನ್ನು ಚುಚ್ಚಿ ರಸ ತೆಗೆಯಬೇಕಾಗಿರಲಿಲ್ಲ. ವಿರೋಧದ ಒಂದು ಬಲವಾದ ಕಾರಣ ತೊಲಗಿತು. ಬೆಂಗಳೂರಿನಲ್ಲಿಯೂ ಇಂತಹ ಸಂಸ್ಥೆಯೊಂದು ನಡೆಯುತ್ತಿತ್ತು. ಅಲ್ಲಿ ಸೇವೆಸಲ್ಲಿಸಿದವರಲ್ಲಿ ಡಾಕ್ಟರ್ ಪಲ್ಪು ಅವರ ಹೆಸರನ್ನು ಹೇಳದೆ ಮುಂದೆ ಹೋಗಕೂಡದು. ತಿರುವಾಂಕೂರಿನ ಈಳವ ಕುಲದಲ್ಲಿ 1863ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದ ಅವರಿಗೆ ಜಾತಿಯ ಕಾರಣದಿಂದ ಸ್ವಂತ ನಾಡಿನಲ್ಲಿ ಸರ್ಕಾರದ ಕೆಲಸ ದೊರೆಯಲಿಲ್ಲ. ಮೈಸೂರು ಸಂಸ್ಥಾನವು ಅವರಿಗೆ ಕೆಲಸ ಕೊಟ್ಟಿತು. ಮುಟ್ಟಕೂಡದೆಂದು ಒಂದು ಸಮಾಜ ದೂರವಿಟ್ಟ ಕೈಗಳು ಬೆಂಗಳೂರಿನಲ್ಲಿ ಸಿದ್ಧಪಡಿಸಿದ ರಸವು ಅಗ್ರಹಾರದ ಮಕ್ಕಳ ತೋಳಿಗೂ ಹೊಲಗೇರಿಯ ಮಕ್ಕಳ ತೋಳಿಗೂ ಹೋಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಊರು ಬಿಟ್ಟು ಓಡುವವರ ನಡುವೆ ನಿಂತು ಕೆಲಸಮಾಡಿದವರಲ್ಲಿ ಅವರೂ ಒಬ್ಬರು. ಮುಂದೆ ನಾರಾಯಣಗುರುಗಳೊಡನೆ ಸೇರಿ 1903ರಲ್ಲಿ ಅವರು ಸ್ಥಾಪಿಸಿದ ಸಂಘದ ಕಥೆಯನ್ನು ಇನ್ನೊಂದು ಸಲ ಹೇಳಬೇಕು.

ಪ್ಲೇಗಿನ ಮಾತು ಬಂದುದರಿಂದ ಹಾಫ್ಕಿನ್ನನನ್ನು ನೆನೆಯಬೇಕು. ಫ್ರಾನ್ಸಿನ ಪಾಸ್ತರನು 1880ರ ದಶಕದಲ್ಲಿ, ರೋಗಕ್ರಿಮಿಯನ್ನೇ ಬಲಗುಂದಿಸಿ ದಾಕನ್ನಾಗಿ ಮಾಡಬಹುದೆಂದು ತೋರಿಸಿದ್ದನು. ಜೆನ್ನರನಿಗೆ ಗೌರವವಾಗಿ ಎಲ್ಲ ಬಗೆಯ ದಾಕಿಗೂ ವ್ಯಾಕ್ಸೀನೆಂದೇ ಹೆಸರಿಟ್ಟವನೂ ಅವನೇ. ಅವನ ಸಂಸ್ಥೆಯಿಂದ ಬಂದ ಹಾಫ್ಕಿನ್ ಬೊಂಬಾಯಿಯಲ್ಲಿ ಪ್ಲೇಗಿನ ದಾಕನ್ನು ಸಿದ್ಧಮಾಡಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿ ಅದನ್ನು ಹಾಕಿಸಿಕೊಂಡರು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ, ಒಂದೇ ಶೀಶೆಯ ಔಷಧವನ್ನು ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಪವಾದ ಹಾಫ್ಕಿನ್ನನ ಮೇಲೆ ಬಿದ್ದಿತು, ಕೆಲಸವೂ ಹೋಯಿತು. ಶೀಶೆಯನ್ನು ಹಳ್ಳಿಯಲ್ಲಿ ತೆರೆಯುವಾಗ ಮಲಿನವಾದುದೆಂದು ವಿಜ್ಞಾನಿಗಳು ವಾದಿಸಿ, 1907ರಲ್ಲಿ ಅವನು ನಿರ್ದೋಷಿಯೆಂದಾಯಿತು. ಅವನಿಗೆ ನ್ಯಾಯ ದೊರೆಯಲು ಐದು ವರ್ಷ ಬೇಕಾಯಿತು. ಆ 19 ಮನೆಗಳಲ್ಲಿ ಮುಂದೆ ಯಾರಾದರೂ ದಾಕಿಗೆ ತೋಳು ಚಾಚಿದರೋ ಇಲ್ಲವೋ, ಕೇಳಿದವರಿಲ್ಲ.

ಸಿಡುಬಿನ ಕಡೆಯ ಅಧ್ಯಾಯವನ್ನು ಚುರುಕಾಗಿ ಹೇಳುತ್ತೇನೆ. ಬಿಸಿಲಿನಲ್ಲಿಯೂ ಕೆಡದಂತೆ ಒಣಗಿಸಿದ ದಾಕು, ಕವಲೊಡೆದ ತುದಿಯುಳ್ಳ ಸಣ್ಣ ಸೂಜಿ, ಇವೆರಡು ದೊರೆತ ಮೇಲೆ 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರೋಗವನ್ನು ಬೇರುಸಹಿತ ಕೀಳುವ ಹಟ ಹಿಡಿಯಿತು. ಎಲ್ಲರಿಗೂ ಹಾಕುತ್ತ ಹೋದರೆ ಸಾಲದೆಂದು ಭಾರತದಲ್ಲಿ ಬೇಗನೆ ತಿಳಿಯಿತು. ಜನಸಂಖ್ಯೆ ಅಷ್ಟು, ಹುಟ್ಟುವ ಮಕ್ಕಳು ಅಷ್ಟು. ರೋಗವೆಲ್ಲಿದೆಯೆಂದು ಹುಡುಕಿ, ಆ ಮನೆಯ ಸುತ್ತ ದಾಕಿನ ಬೇಲಿ ಕಟ್ಟುವುದೇ ಉಪಾಯವಾಯಿತು. 1973ರಿಂದ ಮನೆಮನೆಗೂ ಹೋಗಿ, ಸಿಡುಬೆದ್ದ ಮಗುವಿನ ಚಿತ್ರಪಟವನ್ನು ತೋರಿಸಿ, ಇಂತಹುದನ್ನು ಎಲ್ಲಿಯಾದರೂ ಕಂಡಿರಾ ಎಂದು ಕೇಳಿದರು. ತಿಳಿಸಿದವರಿಗೆ ಬಹುಮಾನವನ್ನೂ ಕೊಟ್ಟರು. ಬಾಗಿಲು ತೆರೆಯದವರ ಮನೆಗೆ ಬಲವಂತವಾಗಿ ನುಗ್ಗಿದ ಪ್ರಸಂಗಗಳೂ ನಡೆದವು; ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜಿನಲ್ಲಿ, ಬಾಂಗ್ಲಾದೇಶದಿಂದ ಬಂದ ಒಬ್ಬ ನಿರ್ಗತಿಕ ಹೆಂಗಸಿನಲ್ಲಿ ಕಂಡ ರೋಗವೇ ಭಾರತದಲ್ಲಿ ಕೊನೆಯದು.

ಲೋಕದಲ್ಲಿಯೇ, ಒಬ್ಬರಿಂದೊಬ್ಬರಿಗೆ ಸಹಜವಾಗಿ ತಗುಲಿದ ಕಡೆಯ ಸಿಡುಬು 1977ರ ಅಕ್ಟೋಬರಿನಲ್ಲಿ ಸೊಮಾಲಿಯಾ ದೇಶದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್ ಎಂಬ ತರುಣನಿಗೆ ಬಂದಿತು. ಆತನು ಅಲ್ಲಿನ ಆಸ್ಪತ್ರೆಯ ಅಡಿಗೆಯವನು. ಇಬ್ಬರು ರೋಗಿಮಕ್ಕಳನ್ನು ಕರೆತಂದ ವಾಹನಕ್ಕೆ ದಾರಿ ತೋರಿಸಲೆಂದು ಕೆಲವು ನಿಮಿಷ ಅದರಲ್ಲಿ ಕುಳಿತಿದ್ದನು, ಅಷ್ಟಕ್ಕೇ ತಗುಲಿತು. ಅದಕ್ಕೆ ಮುಂಚೆ ಆತನು ದಾಕಿನ ಪ್ರಚಾರಕಾರ್ಯದಲ್ಲಿಯೇ ಕೆಲವು ಕಾಲ ದುಡಿದಿದ್ದವನು. ಆದರೆ ತಾನು ಮಾತ್ರ ಹಾಕಿಸಿಕೊಂಡಿರಲಿಲ್ಲ, ನೋವಾಗುತ್ತದೆಂದು ಹೆದರಿದ್ದನಂತೆ. ಆತನು ಗುಣಹೊಂದಿದನು. 1980ರ ಮೇ 8ರಂದು ಸಿಡುಬು ಲೋಕದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ಅದಾದ ಬಹುಕಾಲದ ಮೇಲೆ ಅದೇ ಮಾಲಿನ್, ಮಕ್ಕಳ ಪೋಲಿಯೋ ರೋಗದ ದಾಕಿನ ಕೆಲಸಕ್ಕೆ ಸೇರಿ, ಊರೂರು ತಿರುಗಿ, ಮಕ್ಕಳನ್ನು ಒಳಗೆ ಬಚ್ಚಿಟ್ಟ ತಾಯಂದಿರ ಎದುರು ಕುಳಿತು, ತಾನು ಹೆದರಿ ತಪ್ಪಿಸಿಕೊಂಡುದರ ಕಥೆಯನ್ನು ಹೇಳುತ್ತಿದ್ದನು. 2013ರಲ್ಲಿ, ಆ ಕೆಲಸದಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡನು.